ತೊಂಬತ್ತನಾಲ್ಕು ಡಿಗ್ರಿಯ ಮುಖ

ನನ್ನ ಅಕ್ಕ ಗುರುಸಿದ್ದವ್ವನ ಕಣ್ಣು ಹೋಗಲಿ ಎಂದು ಶಾಪ ಹಾಕಿದವಳು ನಾನೇ, ತಂಗಿ ಕಸ್ತೂರಿ. ಬೆಟಗೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಮುಚ್ಚಿಟ್ಟು ಉಪಯೋಗವಿಲ್ಲ. ಆರು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ನಾನು ಕಂಪ್ಯೂಟರ್ ಕಾರ್ಡ್ ರಿಪೇರಿ ಕಲಿಯಲು ಮಂಗಳೂರಿಗೆ ಹೋಗಿದ್ದೆ. ಬಿಸಿಲು ಜಾಸ್ತಿ, ಹೆಣ ತಡೆಯುವುದಿಲ್ಲ ಎಂದು ಅಕ್ಕ ನಾನು ಬರುವ ಮೊದಲೇ ಮಣ್ಣು ಮಾಡಿಸಿದಳು. ಒಂದೇ ತಾಸು ಕಾದಿದ್ದರೆ ಸಾಕಿತ್ತು. ಬಸ್ಸಿಳಿದು ಓಡಿ ಬಂದವಳಿಗೆ ಕಂಡದ್ದು ತೊಳೆದ ಅಂಗಳ ಮಾತ್ರ. ಕೂಡಿದ್ದ ಜನರೆಲ್ಲರ ಎದುರು ನಿಂತು ಕೂಗಿದೆ: "ಅವ್ವನ ಮಾರಿ ನನಗ ತೋರಿಸ್ಲಿಲ್ಲ ನೀ. ನಿನ್ನ ಕಣ್ಣಿಗೆ ಯಾರ ಮಾರೀನೂ ಕಾಣದಂಗ ಆಗ್ಲಿ!"

ಒಂದು ವರ್ಷದೊಳಗೆ ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣನ್ನು ತಿಂದಿತು. ಕಾಯಿಲೆ ಇಪ್ಪತ್ತು ವರ್ಷದ್ದು; ಮಾತ್ರೆ ಬಿಟ್ಟು ಹೋಳಿಗೆ ನುಂಗುತ್ತಿದ್ದವಳು ಅವಳು. ಇದು ಡಾಕ್ಟರಿಗೆ ಗೊತ್ತು, ನನಗೂ ಗೊತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಣಿಯವರ ಪ್ರಕಾರ ಆ ಕಣ್ಣು ತಿಂದವಳು ನಾನು.

ಆಮೇಲೆ ನೋಟದ ಪೆಟ್ಟಿಗೆಗಳು ಬಂದವು. ಕನ್ನಡಕದಲ್ಲೊಂದು ಕ್ಯಾಮೆರಾ, ಸೊಂಟಕ್ಕೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ, ಅದರಿಂದ ಕಿವಿಯ ಹಿಂದಕ್ಕೊಂದು ವೈರು, ತಲೆಬುರುಡೆಯ ಹಿಂಭಾಗದ ಒಳಗೊಂದು ಬಿಲ್ಲೆ. ಬಿಲ್ಲೆಗೆ ಇದ್ದದ್ದೆಲ್ಲ ಅರಗುವುದಿಲ್ಲ. ಹಾಗಾಗಿ ಪೆಟ್ಟಿಗೆಯೊಳಗಿನ ಗ್ರಾಫಿಕ್ಸ್ ಕಾರ್ಡ್ ಕ್ಯಾಮೆರಾ ಕಂಡದ್ದನ್ನು ಹೊಸದಾಗಿ, ದಪ್ಪ ಗೆರೆಯಲ್ಲಿ, ಚೊಕ್ಕಟವಾಗಿ ಬರೆದು ಕಳಿಸುತ್ತದೆ. ಕುರುಡರು ನೋಡುವುದು ಲೋಕವನ್ನಲ್ಲ, ಕಾರ್ಡ್ ಬರೆದ ಚಿತ್ರವನ್ನು. ಅಕ್ಕನಿಗೂ ನಾಲ್ಕು ವರ್ಷದ ಹಿಂದೆ ಒಂದು ಹಾಕಿಸಿದರು. ಅಂದಿನಿಂದ ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ, ಸೊಸೆ ಸುತ್ತಿದ ಸೀರೆಯ ನೆರಿಗೆ ಸರಿಯಿಲ್ಲ ಎನ್ನುತ್ತಾಳೆ. ನನ್ನ ಜೊತೆ ಮಾತ್ರ ಮಾತಿಲ್ಲ.

ಮಾತಿಲ್ಲವೆಂದರೆ ದೂರದಲ್ಲಿದ್ದೇವೆ ಎಂದಲ್ಲ. ಅವ್ವನ ಮನೆ ನಡುವೆ ಗೋಡೆ ಎದ್ದು ಎರಡಾಗಿದೆ. ಬೀದಿಯ ಕಡೆಯ ಅರ್ಧ ನನ್ನದು. ಮುಂದಿನ ಕೋಣೆಯಲ್ಲೇ ನನ್ನ ರಿಪೇರಿ ಅಂಗಡಿ. ಹಿತ್ತಲನ್ನು ಸೀಳಲು ಆಗಲಿಲ್ಲ, ಯಾಕೆಂದರೆ ನಳ ಒಂದೇ, ಬಟ್ಟೆ ಒಗೆಯುವ ಕಲ್ಲೂ ಒಂದೇ. ದಿನಕ್ಕೆ ಮೂರು ತಾಸು ಇಬ್ಬರೂ ಅಲ್ಲೇ ಇರುತ್ತೇವೆ. ಅವಳು ನನ್ನನ್ನು ಗಾಳಿಯೆಂಬಂತೆ ದಾಟಿ ಹೋಗುತ್ತಾಳೆ. ಪೆಟ್ಟಿಗೆ ಬಂದ ಹೊಸದರಲ್ಲಿ ಎರಡು ಸಲ ನೇರ ನನ್ನ ಮೈಮೇಲೇ ಬಂದಳು. ಒಮ್ಮೆ ಕೈಯಲ್ಲಿದ್ದ ಹಿಂಡಿದ ಬಟ್ಟೆಯೆಲ್ಲ ಕೆಸರಿಗೆ ಬಿತ್ತು. ಎಂಥ ಸೊಕ್ಕು ಎಂದುಕೊಂಡೆ. ನಾನೂ ಏನು ಕಮ್ಮಿ, ಸರಿಯಲಿಲ್ಲ.

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅಕ್ಕನ ಸೊಸೆ ದಾನೇಶ್ವರಿ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಅಂಗಡಿಗೆ ಬಂದಳು. ತೆರೆದರೆ ಅಕ್ಕನ ಪೆಟ್ಟಿಗೆ ಮತ್ತು ಕನ್ನಡಕ.

"ಚಿಗವ್ವಾರ, ನಿನ್ನೆ ಸಂಜಿಗೆ ಪೂರಾ ಬಂದ್ ಆತ್ರಿ," ಎಂದಳು. "ಎಂಟು ದಿನದಿಂದ ಗ್ವಾಡಿ ಮ್ಯಾಲೆಲ್ಲ ಬಣ್ಣಬಣ್ಣದ ಚೌಕ ಕಾಣತಾವು ಅಂತಿದ್ರು ಅತ್ತಿ. ಆಮ್ಯಾಲ ಗೆರಿ ಬಂದ್ವು. ಆರಿಸಿಟ್ರ ಒಂದ್ ತಾಸು ಚಲೋ ಇರೂದು, ಮತ್ತ ಅದ ಹಾಡು."

"ಕಂಪನಿಯವ್ರಿಗೆ ಕೊಡಬೇಕಿತ್ತು."

"ಹುಬ್ಬಳ್ಳಿ ಸೇವಾ ಕೇಂದ್ರಕ್ಕ ಫೋನ್ ಮಾಡಿದ್ವಿ. ಈ ಮಾಡೆಲ್ ನಿಂತೈತಿ, ಬಿಡಿಭಾಗ ಇಲ್ಲ, ಹೊಸಾದಕ್ಕ ಬಿಲ್ಲೀನೂ ಹೊಸಾದು ಬೇಕು ಅಂತಾರ. ಇನ್ನೊಂದು ಆಪರೇಶನ್ ತಡಿಯಾಂಗಿಲ್ಲ ಅಂದಾರ ಡಾಕ್ಟರು."

ಸೇವಾ ಕೇಂದ್ರದವರದು ಯಾವಾಗಲೂ ಮಂತ್ರಕ್ಕಿಂತ ಉಗುಳೇ ಹೆಚ್ಚು. ಆದರೆ ಒಂದು ಮಾತು ಅವರು ಹೇಳದೆಯೂ ನನಗೆ ಗೊತ್ತಿತ್ತು. ಪೆಟ್ಟಿಗೆ ಮೂರು ದಿನಕ್ಕಿಂತ ಹೆಚ್ಚು ಆರಿದ್ದರೆ ಮಿದುಳು ಬಿಲ್ಲೆಯ ಭಾಷೆಯನ್ನು ಮರೆಯುತ್ತದೆ. ಅಕ್ಕನಿಗೆ ಅರವತ್ತೊಂದು. ಆ ವಯಸ್ಸಿನಲ್ಲಿ ಎರಡನೇ ಸಲ ಕಲಿತವರು ಇಲ್ಲ. ಅಂದರೆ ಬುಧವಾರ ಸಂಜೆಯೊಳಗೆ ಕಾರ್ಡ್ ಎದ್ದರೆ ಎದ್ದಿತು, ಇಲ್ಲದಿದ್ದರೆ ಅವಳು ಸಾಯುವವರೆಗೂ ಕತ್ತಲೆ.

"ನನ್ನ ಕಡೆ ತಂದೀದಿ ಅಂತ ಆಕೀಗೆ ಗೊತ್ತೈತೇನು?"

ದಾನೇಶ್ವರಿ ತಲೆ ತಗ್ಗಿಸಿದಳು.

ನನಗೆ ಸಿಟ್ಟೇ ಬಂತು. ಪೆಟ್ಟಿಗೆ ಎದ್ದರೆ ಹೆಸರು ದೇವರಿಗೆ, ಏಳದಿದ್ದರೆ ಕಸ್ತೂರಿ ಎರಡನೇ ಸಲ ಕಣ್ಣು ತೆಗೆದಳು ಎನ್ನುತ್ತಾರೆ. ಆದರೂ ಕೈ ಆಗಲೇ ಸ್ಕ್ರೂ ಬಿಚ್ಚುತ್ತಿತ್ತು.

ಮುಚ್ಚಳ ತೆಗೆದಾಗ ಗುಡಿಯೊಳಗಿನ ವಾಸನೆ ಬಂತು. ಫ್ಯಾನಿನ ರೆಕ್ಕೆಗೆ ವಿಭೂತಿ, ಗಾಳಿಯ ಕಿಂಡಿಗೆ ಕುಂಕುಮ, ಅದರ ಮೇಲೆ ದೀಪದ ಎಣ್ಣೆಯ ಜಿಡ್ಡು. ಫ್ಯಾನು ತಿರುಗದಂತೆ ತಡೆದಿದ್ದು ಒಣಗಿದ ಬನ್ನಿ ಎಲೆಗಳ ಒಂದು ಸಣ್ಣ ಗಂಟು. ದಸರಾದ ದಿನ ನಮ್ಮಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆಯಾಗುತ್ತದೆ, ಮಗ್ಗಕ್ಕೆ, ಬೈಕಿಗೆ, ಕತ್ತರಿಗೆ. ಅಕ್ಕ ತನ್ನ ಕಣ್ಣಿಗೇ ಪೂಜೆ ಮಾಡಿ, ಕಣ್ಣಿನ ಉಸಿರಾಟದ ತೂತಿಗೇ ಬನ್ನಿ ಮುಡಿಸಿದ್ದಳು. ನಾಲ್ಕು ವರ್ಷ, ನಾಲ್ಕು ಸಲ.

ಗೋಡೆಯಾಚೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. "ದೇವ್ರು ಬುದ್ಧಿ ಹಂಚುವಾಗ ಕೆಲವ್ರು ವಿಭೂತಿ ತರಾಕ ಹೋಗಿದ್ರಂತ!"

ಗೋಡೆಯಾಚೆ ಪಾತ್ರೆಯೊಂದು ನೆಲಕ್ಕೆ ಅಪ್ಪಳಿಸಿತು. ಪೆಟ್ಟಿಗೆ ಎಲ್ಲಿದೆ ಎಂದು ಅಕ್ಕನಿಗೆ ಗೊತ್ತಾಯಿತು. ಬೈಗುಳ ತಿನ್ನಲು ದಾನೇಶ್ವರಿ ಆ ಕಡೆ ಓಡಿದಳು.

ಕೆಲಸಕ್ಕೆ ನನ್ನದೊಂದು ಕ್ರಮವಿದೆ. ಮೊದಲು ಕರೆಂಟು, ಆಮೇಲೆ ಜೋಡಣೆ, ಆಮೇಲೆ ಶಾಖ, ಕೊನೆಗೆ ಚಿಪ್. ಬಿಲ್ಲೆಗೆ ಹೋಗುವ ವೈರಿಗೆ ಒಂದು ಪರದೆ ಜೋಡಿಸಿ, ಬೇರೆ ಕರೆಂಟು ಕೊಟ್ಟು ನೋಡಿದೆ, ಚೌಕಗಳು ಹೋಗಲಿಲ್ಲ. ಕಾರ್ಡನ್ನು ಕಿತ್ತು, ಅದರ ಬಂಗಾರದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ, ಆಗಲೂ ಹೋಗಲಿಲ್ಲ. ಫ್ಯಾನನ್ನು ತೊಳೆದು ಒಣಗಿಸಿ, ಚಿಪ್ಪಿನ ಮೇಲೆ ಸುಣ್ಣದಂತಾಗಿದ್ದ, ಶಾಖ ಸಾಗಿಸುವ ಹಳೆಯ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಕನ್ನಡಕವನ್ನು ತಂಬಿಗೆಯ ಮೇಲೆ ಕೂರಿಸಿ ಚಾಲು ಮಾಡಿದೆ. ಪರದೆಯಲ್ಲಿ ನನ್ನ ಅಂಗಡಿ ಮೂಡಿತು, ಕಪಾಟು, ಕ್ಯಾಲೆಂಡರು, ಬಾಗಿಲು. ಚೌಕವಿಲ್ಲ, ಗೆರೆಯಿಲ್ಲ. ಶಾಖ ಅರವತ್ತನಾಲ್ಕು ಡಿಗ್ರಿ.

ಗೆದ್ದೆ ಎಂದು ಚಹಾ ತರಲು ಎದುರಿನ ಅಂಗಡಿಗೆ ಹೋದೆ. ಮರಳಿ ಬಂದು ಮುಂದೆ ಕೂತದ್ದೇ ತಡ, ಫ್ಯಾನು ಹುಚ್ಚು ನಾಯಿಯಂತೆ ಊಳಿಡತೊಡಗಿತು. ಎಪ್ಪತ್ತೆಂಟು, ಎಂಬತ್ತೇಳು, ತೊಂಬತ್ತನಾಲ್ಕು. ಪರದೆಯ ತುಂಬ ಚೌಕಗಳು, ಆಮೇಲೆ ಕಪ್ಪು.

ಆರಿಸಿ ಮತ್ತೆ ಚಾಲು ಮಾಡಿದೆ. ನಾನು ಹಿಂದೆ ನಿಂತರೆ ಅರವತ್ತನಾಲ್ಕು. ದಾನೇಶ್ವರಿಯನ್ನು ಕರೆಸಿ ಮುಂದೆ ಕೂರಿಸಿದರೆ ಅರವತ್ತಾರು. ನಾನು ಕೂತರೆ ತೊಂಬತ್ತನಾಲ್ಕು. ಮಂಗಳವಾರ ಮಧ್ಯಾಹ್ನದವರೆಗೆ ಇದೇ ಆಟ. ಆರು ವರ್ಷದ ಅನುಭವದಲ್ಲಿ ಮನುಷ್ಯರನ್ನು ನೋಡಿ ಕುದಿಯುವ ಕಾರ್ಡನ್ನು ನಾನು ಕಂಡಿರಲಿಲ್ಲ. ಯಜಮಾನಿಯ ಗುಣ ಪೆಟ್ಟಿಗೆಗೂ ಬಂದಿದೆ ಎಂದು ಬೈದೆ.

ಅಲ್ಲಿಯವರೆಗೆ ನನ್ನ ಕಣ್ಣು ಅಂಕಿಗಳ ಮೇಲೆ ಮಾತ್ರ ಇತ್ತು. ಬೇಸತ್ತು ಚಹಾ ಕುಡಿಯುತ್ತ ಮೊದಲ ಸಲ ಚಿತ್ರವನ್ನು ಸರಿಯಾಗಿ ನೋಡಿದೆ. ಪರದೆಯಲ್ಲಿ ಅಂಗಡಿ ಇತ್ತು, ಕುರ್ಚಿ ಇತ್ತು, ಕುರ್ಚಿಯ ಹಿಂದಿನ ಕ್ಯಾಲೆಂಡರೂ ಇತ್ತು. ಚಹಾದ ಲೋಟ ಗಾಳಿಯಲ್ಲಿ ಮೇಲೇರಿ, ವಾಲಿ, ಕೆಳಗಿಳಿಯಿತು. ನಾನಿರಲಿಲ್ಲ.

ಎದ್ದು ಕೈ ಬೀಸಿದೆ, ಇಲ್ಲ. ಕ್ಯಾಮೆರಾಕ್ಕೆ ಮುಖ ತಾಗುವಷ್ಟು ಹತ್ತಿರ ಹೋದೆ. ನನ್ನ ಮೂಗು ಇರಬೇಕಾದ ಜಾಗದಲ್ಲಿ ಗೋಡೆಯ ಬಿರುಕು ಚೆಂದವಾಗಿ ಕಾಣುತ್ತಿತ್ತು.

ಪೆಟ್ಟಿಗೆಯ ಒಳಗಿನ ಸೆಟ್ಟಿಂಗ್ ತೆರೆದಾಗ ಗುಟ್ಟು ರಟ್ಟಾಯಿತು. ಮರೆ ಪಟ್ಟಿ ಎಂಬುದೊಂದಿದೆ. ಹೊಡೆದು ಬಡಿದು ಹಿಂಸೆ ಕೊಟ್ಟವರ ಮುಖ ಎದುರಾಗಿ ಜೀವ ನಡುಗದಿರಲಿ ಎಂದು ಕಂಪನಿಯವರು ಕೊಟ್ಟ ಸೌಲಭ್ಯ. ಪಟ್ಟಿಗೆ ಸೇರಿಸಿದ ಮನುಷ್ಯನನ್ನು ಕಾರ್ಡ್ ಬರೆಯುವುದಿಲ್ಲ. ಬದಲು ಅವನ ಹಿಂದೆ ಏನಿರಬಹುದೋ ಅದನ್ನು ಊಹಿಸಿ ಬರೆಯುತ್ತದೆ. ಜನ ಇದನ್ನು ಹೇಗೆಲ್ಲ ಬಳಸುತ್ತಾರೆಂದು ನಾನು ಕೇಳಿದ್ದೆ. ಮುಳಗುಂದ ನಾಕಾದ ಅಜ್ಜಿಯೊಬ್ಬಳು ಎರಡನೇ ಸೊಸೆಯನ್ನು ಅಳಿಸಿಕೊಂಡಿದ್ದಾಳೆ, ಅವಳ ಮನೆಯಲ್ಲಿ ರೊಟ್ಟಿ ತಾನೇ ತಟ್ಟಿಕೊಳ್ಳುತ್ತದೆ ಎಂದು ಊರೆಲ್ಲ ನಗುತ್ತಿತ್ತು. ನಾನೂ ನಕ್ಕಿದ್ದೆ.

ಅಕ್ಕನ ಪಟ್ಟಿಯಲ್ಲಿ ಒಂದೇ ಮುಖವಿತ್ತು. ನಳದ ಹತ್ತಿರ ಬಗ್ಗಿ, ಯಾರೋ ಬಂದರೆಂದು ತಲೆ ಎತ್ತಿದ ನನ್ನ ಮುಖ. ಸೇರಿಸಿದ ದಿನ, ಅವಳಿಗೆ ಪೆಟ್ಟಿಗೆ ಹಾಕಿ ಮನೆಗೆ ಕರೆತಂದ ದಿನವೇ. ಕಣ್ಣು ಬಂದವಳು ಹಿತ್ತಲಿಗೆ ಬಂದಿದ್ದಾಳೆ, ನನ್ನ ಮುಖ ನೋಡಿದ್ದಾಳೆ, ಅಳಿಸಿದ್ದಾಳೆ. ಸೊಕ್ಕಿನಿಂದ ಮೈಮೇಲೆ ಬಂದಳೆಂದು ನಾನು ತಿಳಿದದ್ದು ಸುಳ್ಳು. ಅವಳಿಗೆ ನಿಜಕ್ಕೂ ನಾನು ಕಂಡಿರಲಿಲ್ಲ. ನಾಲ್ಕು ವರ್ಷ ನನ್ನ ಕೊಡ ತಾನೇ ತುಂಬಿ ತಾನೇ ನಡೆದು ಹೋಗುವುದನ್ನು ನೋಡುತ್ತ ಕೂತಿದ್ದಳು.

ಕಾರ್ಡ್ ಸುಟ್ಟದ್ದೂ ಇದರಿಂದಲೇ. ಇರುವುದನ್ನು ತೋರಿಸುವುದು ಸುಲಭ, ಇರುವುದನ್ನು ಇಲ್ಲವೆನ್ನಿಸುವುದು ಹತ್ತು ಪಟ್ಟು ಕೆಲಸ. ನಾನು ಬಗ್ಗಿದರೆ ನನ್ನ ಹಿಂದಿನ ಕಲ್ಲನ್ನು ಬರೆಯಬೇಕು, ಎದ್ದರೆ ಗೋಡೆಯನ್ನು, ನಡೆದರೆ ಹೆಜ್ಜೆಗೊಂದು ಹೊಸ ಸುಳ್ಳನ್ನು. ದಿನಕ್ಕೆ ಮೂರು ತಾಸು, ಅದೂ ಫ್ಯಾನಿಗೆ ವಿಭೂತಿ ಬಳಿದುಕೊಂಡು. ಒಂದು ಮೆಮೊರಿ ಚಿಪ್ಪಿನ ಕೆಳಗೆ ಬೆಸುಗೆ ಬಿರಿದಿತ್ತು.

ಸುಡುತ್ತಿರಲಿ, ಹಾಗೇ ಸುಟ್ಟು ಬೂದಿಯಾಗಲಿ ಎನ್ನಿಸಿತು. ನಿಜ ಹೇಳುತ್ತಿದ್ದೇನೆ. ಮುಚ್ಚಳ ಮುಚ್ಚಿ, ಆಗಲಿಲ್ಲ ತಗೋ ಎಂದು ಕೊಟ್ಟುಬಿಟ್ಟರೆ ಕೇಳುವವರು ಯಾರು? ಆದರೆ ಸ್ಕ್ರೂ ಹಾಕುವ ಮೊದಲು ಪಟ್ಟಿಯ ಕೆಳಗೆ ಇನ್ನು ನಾಲ್ಕು ಸಾಲು ಕಂಡವು. ಮರೆ ತೆಗೆದದ್ದು, ಮತ್ತೆ ಹಾಕಿದ್ದು. ವರ್ಷಕ್ಕೆ ಒಂದೇ ಸಲ, ಸಂಜೆ ಆರಕ್ಕೆ ತೆಗೆದು ಎಂಟಕ್ಕೆ ಹಾಕಿದ್ದಾಳೆ. ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಹುಡುಕಿದೆ. ನಾಲ್ಕೂ ವಿಜಯದಶಮಿ.

ಬನ್ನಿ ಕೊಡುವ ಹೊತ್ತು ಅದು. ಆವತ್ತು ವೈರಿಯ ಮನೆಗೂ ಹೋಗಿ, ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಎಲೆ ಕೊಡುತ್ತಾರೆ. ಆದರೆ ಹೋಗಬೇಕಾದವರು ಸಣ್ಣವರು. ದೊಡ್ಡವರು ಕೂತಲ್ಲಿ ಕೂತು ಕಾಯುತ್ತಾರೆ. ಅವಳು ಕೂತಿದ್ದಳು. ನಾನು ಹೋಗಲಿಲ್ಲ. ಎರಡು ತಾಸು ಕಾಯುವ ತಾಳ್ಮೆ ಇದ್ದವಳಿಗೆ ಹತ್ತು ಹೆಜ್ಜೆ ಇಡಲು ಏನಾಗಿತ್ತು ಧಾಡಿ? ಸಿಟ್ಟಿನಿಂದ ನನ್ನ ಕಣ್ಣಲ್ಲಿ ನೀರು ಬಂತು.

ಆ ಸಂಜೆಯೇ ಬಿಸಿಗಾಳಿಯ ಗನ್ ಹಿಡಿದು ಬೆಸುಗೆಯನ್ನು ಮತ್ತೆ ಕರಗಿಸಿ ಕೂರಿಸಿದೆ. ಬುಧವಾರ ಬೆಳಗಿನಿಂದ ಪರೀಕ್ಷೆ ಮಾಡಿದೆ. ಕಾರ್ಡಿನ ವೇಗ ತಗ್ಗಿಸಿದರೆ ನಿಲ್ಲುತ್ತಿತ್ತು. ಮರೆ ಇಲ್ಲದಿದ್ದರೆ ಹತ್ತು ವರ್ಷ ಬಾಳುತ್ತದೆ. ಮೊದಲಿನಂತೆ ದಿನಾ ಮೂರು ತಾಸು ಮರೆ ಹಾಕಿಸಿದರೆ ಹತ್ತು ದಿನಕ್ಕೆ ಸುಡುತ್ತದೆ, ಮತ್ತೆ ಏಳುವುದಿಲ್ಲ. ಒಂದು ಗುಂಡಿ ಒತ್ತಿ ಪಟ್ಟಿಯಿಂದ ನನ್ನನ್ನು ತೆಗೆಯುವುದು ಕಷ್ಟವಿರಲಿಲ್ಲ. ಆದರೆ ರಿಪೇರಿಗೆ ಬಂದ ಪೆಟ್ಟಿಗೆಯಲ್ಲಿ ಮಾಲೀಕರು ಹಾಕಿಕೊಂಡದ್ದನ್ನು ಕೇಳದೆ ಮುಟ್ಟಬಾರದು. ನನ್ನ ಅಂಗಡಿಯ ನಿಯಮ ಅದು, ವೈರಿಗೂ ಅದೇ.

ಮಧ್ಯಾಹ್ನ ಪೆಟ್ಟಿಗೆ ಹಿಡಿದು ಆರು ವರ್ಷದಲ್ಲಿ ಮೊದಲ ಸಲ ಅವಳ ಅಡುಗೆಮನೆಯ ಹೊಸ್ತಿಲಿಗೆ ಹೋದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಎಲ್ಲೋ ಇತ್ತು. ನನ್ನ ಹೆಜ್ಜೆ ಸದ್ದಿಗೇ ಮುಖ ಗಂಟಿಕ್ಕಿದಳು.

"ನಿನ್ನ ಬಾಯಿಂದ ಹೋದ ಕಣ್ಣು," ಎಂದಳು, "ನಿನ್ನ ಕೈಯಿಂದ ಬರೂದು ಬ್ಯಾಡ."

"ಬಂದಾಗೈತಿ. ಬ್ಯಾಡಂದ್ರ ಹಾಳಬಾವಿಗೆ ಒಗದು ಬರ್ತೀನಿ. ಒಂದ್ ಮಾತು ಕೇಳಾಕ ಬಂದೇನಿ. ನನ್ನ ಅಳಿಸಿ ಅಳಿಸಿ ಈ ಕಾರ್ಡ್ ಸುಟ್ಟೈತಿ. ಮರೆ ತಗದ್ರ ಉಳಿತೈತಿ, ಇಟ್ರ ಸಾಯತೈತಿ. ಏನ್ ಮಾಡ್ಲಿ?"

ದಾನೇಶ್ವರಿ ಒಲೆಯ ಹತ್ತಿರದಿಂದ ತಿರುಗಿ ನೋಡಿದಳು. ಮರೆಯ ವಿಷಯ ಅವಳಿಗೂ ಗೊತ್ತಿರಲಿಲ್ಲ.

ಅಕ್ಕ ಕೆಳತುಟಿ ಕಚ್ಚಿಕೊಂಡಿದ್ದಳು, ಸಣ್ಣವಳಿದ್ದಾಗ ಅವ್ವನ ಏಟು ತಿಂದು ಅಳುವುದಿಲ್ಲ ಎಂದು ಹಟ ಹಿಡಿದಾಗ ಕಚ್ಚುತ್ತಿದ್ದ ಹಾಗೆ.

"ಮರೆ ಇರ್ಲಿ," ಎಂದಳು. "ಸತ್ರ ಸಾಯ್ಲಿ. ನಿನ್ನ ಮಾರಿ ನೋಡೂದಕ್ಕಿಂತ ಕುರುಡಿ ಆಗಿ ಇರೂದು ಚಲೋ."

ಪೆಟ್ಟಿಗೆಯನ್ನು ದಾನೇಶ್ವರಿಯ ಕೈಗೆ ತುರುಕಿ ಬಂದೆ. ಸಂಜೆ ಅವಳಿಗೆ ಕಣ್ಣು ಬಂತೆಂದು ಗೋಡೆಯಾಚೆಯ ಸದ್ದಿನಿಂದ ತಿಳಿಯಿತು. ಸೊಸೆ ಪಾತ್ರೆ ಸರಿಯಾಗಿ ಬೆಳಗಿಲ್ಲ ಎಂದು ಬೈಯುತ್ತಿದ್ದಳು.

ಮರುದಿನ ಬೆಳಿಗ್ಗೆ, ಅವಳು ಏಳುವ ಮೊದಲು, ನಾನು ಒಂದು ನೀಲಿ ಪ್ಲಾಸ್ಟಿಕ್ ತಾಡಪಾಲು ತಂದು ನನ್ನ ಹಿತ್ತಲ ಬಾಗಿಲಿನಿಂದ ನಳದವರೆಗೆ ಉದ್ದಕ್ಕೂ ಕಟ್ಟಿದೆ. ನಾನು ಈಚೆ, ಅವಳು ಆಚೆ. ನಾನು ಅವಳ ಕ್ಯಾಮೆರಾಕ್ಕೆ ಬೀಳದಿದ್ದರೆ ಕಾರ್ಡಿಗೆ ನನ್ನನ್ನು ಅಳಿಸುವ ಕೆಲಸವಿಲ್ಲ. ಅಳಿಸುವ ಕೆಲಸ ನಾನೇ ವಹಿಸಿಕೊಂಡೆ, ಅಷ್ಟೇ. ಬಟ್ಟೆ ಒಗೆಯುವುದನ್ನು ಅವಳು ಮಲಗುವ ಮಧ್ಯಾಹ್ನಕ್ಕೆ ಹಾಕಿಕೊಂಡೆ. ಬೀದಿಯಲ್ಲಿ ಅವಳು ಬರುವುದು ಕಂಡರೆ ಸಂದಿಗೆ ಸರಿದೆ.

ಓಣಿಗೆ ಹಬ್ಬವಾಯಿತು. "ಅಕ್ಕನ ಮಾರಿ ನೋಡಬಾರ್ದಂತ ಗ್ವಾಡಿ ಸಾಲದ ತಾಡಪಾಲು ಕಟ್ಯಾಳ, ಎಂಥಾ ವಿಷ ಇದ್ದೀತು!" ಎಂದು ನಳದ ಹತ್ತಿರವೇ ಆಡಿಕೊಂಡರು. ನಾನು ತಿದ್ದಲಿಲ್ಲ. ದಾನೇಶ್ವರಿಗೆ ಅರ್ಥವಾಗಿತ್ತು. ಅತ್ತೆಗೆ ಹೇಳಿದರೆ ನಾಲಿಗೆ ಕೀಳುತ್ತೇನೆ ಎಂದು ಹೆದರಿಸಿದ್ದೆ. ಆರು ತಿಂಗಳು ಹೀಗೆ ಕದ್ದು ಬದುಕಿದೆ, ನನ್ನದೇ ಹಿತ್ತಲಿನಲ್ಲಿ ಕಳ್ಳಿಯಂತೆ. ದಿನಾ ಅವಳನ್ನು ಬೈದೆ. ದಿನಾ ತಾಡಪಾಲಿನ ಹಗ್ಗ ಬಿಗಿ ಇದೆಯೇ ಎಂದು ನೋಡಿದೆ.

ದಸರಾ ಬಂತು. ವಿಜಯದಶಮಿಯ ಸಂಜೆ ಆರಕ್ಕೆ ಮೊದಲೇ ನಾನು ತಾಡಪಾಲಿನ ಹಿಂದೆ ನಿಂತಿದ್ದೆ, ಮುಷ್ಟಿಯಲ್ಲಿ ಬನ್ನಿ. ಆಚೆ ಅವಳು ಬಂದು ಒಗೆಯುವ ಕಲ್ಲಿನ ಮೇಲೆ ಕೂತ ಸದ್ದು ಕೇಳಿತು. ಆರೂವರೆ ಆಯಿತು, ಏಳಾಯಿತು. ಬೆವರಿಗೆ ಎಲೆ ಬಾಡಿತು. ಮರೆ ತೆಗೆದಿದ್ದಾಳೋ ಇಲ್ಲವೋ ಯಾರಿಗೆ ಗೊತ್ತು? ಈ ವರ್ಷ ತೆಗೆಯದೆ ಇದ್ದರೆ ನಾನು ಹೊರಗೆ ಬಂದು ನಿಂತಾಗ ಅವಳಿಗೆ ಕಾಣುವುದು ಗಾಳಿಯಲ್ಲಿ ತೇಲುವ ನಾಲ್ಕು ಎಲೆ. ಆ ಅವಮಾನ ನನಗೆ ಬೇಡವಾಗಿತ್ತು. ಒಳಗೆ ಹೋಗಿಬಿಡೋಣ ಎಂದು ತಿರುಗಿದೆ.

"ತಾಡಪಾಲಿನ ಕೆಳಗ ಕಾಲು ಕಾಣಾಕತ್ತಾವು," ಎಂದಳು ಅಕ್ಕ. "ಎಂಟಕ್ಕ ಮುಚ್ಚಾಕಿ ನಾನು. ಕೊಡೂದೇನರ ಇದ್ರ ಲಗೂ ಕೊಡು."

ನನ್ನ ಕಾಲು ಅವಳಿಗೆ ಕಂಡಿತ್ತು. ತಾಡಪಾಲನ್ನು ಸರಿಸಿ ಎದುರಿಗೆ ನಿಂತೆ. ಅವಳು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಾತು ಹಳೆಯ ಖಾರದ್ದೇ.

"ಅವ್ವನ ಮಾರಿ ತೋರಿಸ್ಲಿಲ್ಲ ಅಂತ ಶಾಪ ಹಾಕಿದೆಲ್ಲ. ನಿನ್ನ ಮನ್ಯಾಗ ಕನ್ನಡಿ ಇಲ್ಲೇನು?"

ನನಗೆ ತಿಳಿಯಲಿಲ್ಲ.

"ಅದ ಹಣಿ, ಅದ ಮೂಗು. ಕಣ್ಣು ಬಂದ ದಿನ ಹಿತ್ತಲಕ್ಕ ಬಂದೆ. ಮಣ್ಣು ಮಾಡಿದ ಅವ್ವ ನಳದ ಹತ್ರ ಬಗ್ಗಿದ್ಳು. ತಲಿ ಎತ್ತಿ ನನ್ನ ನೋಡಿದ್ಳು. ಯಾಕ ಅವಸರ ಮಾಡಿದಿ, ಸಣ್ಣಾಕಿ ಬರೂತನ ಯಾಕ ಕಾಯ್ಲಿಲ್ಲ ಅಂತ ಕೇಳಿದಂಗ ಆತು. ದಿನಾ ಅದನ್ನ ಹೆಂಗ ನೋಡ್ಲಿ ನಾ?"

ನನ್ನ ಕೈ ತಾನಾಗಿಯೇ ನನ್ನ ಮುಖ ಮುಟ್ಟಿಕೊಂಡಿತು. ಆರು ವರ್ಷ ನಾನು ಯಾವ ಮುಖಕ್ಕಾಗಿ ಜಗಳವಾಡಿದ್ದೆನೋ ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದೆ.

ಅವಳು ಅಂಗೈ ಚಾಚಿದಳು. ಬಾಡಿದ ಬನ್ನಿಯನ್ನು ಅದರಲ್ಲಿಟ್ಟೆ. ಬಂಗಾರದಂಗ ಇರೋಣ ಎನ್ನಲಿಲ್ಲ. ಕಾಲು ಮುಟ್ಟಲಿಲ್ಲ ನಾನು, ಅವಳೂ ಕೇಳಲಿಲ್ಲ.

"ಇದನ್ನರ ಪೆಟಿಗ್ಯಾಗ ತುರುಕಬ್ಯಾಡ," ಎಂದೆ.

"ನೀ ಹೇಳೂದು ಬೇಕಾಗಿಲ್ಲ," ಎಂದು ಬನ್ನಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಇಬ್ಬರೂ ಅಲ್ಲೇ ಕೂತೆವು, ಅವಳು ಕಲ್ಲಿನ ಮೇಲೆ, ನಾನು ಮಗುಚಿದ ಬಕೆಟ್ಟಿನ ಮೇಲೆ. ಒಳಗಿನ ಗಡಿಯಾರ ಎಂಟು ಹೊಡೆಯಿತು. ಮರೆ ಬಿತ್ತೇ ಎಂದು ನಾನು ಅವಳ ಸೊಂಟದ ಕಡೆ ಕಿವಿಗೊಟ್ಟೆ. ಪೆಟ್ಟಿಗೆಯ ಫ್ಯಾನು ಊಳಿಡಲಿಲ್ಲ.